ಹಕ್ಕಿಗೆ ಇಟ್ಟ ಬೆಲ್ಲದ ನೀರು

ಮಗಳು ಕಾಲೇಜಿಗೆ ಹೊರಟ ದಿನ ನನಗೆ ಒಪ್ಪಿಸಿ ಹೋದದ್ದು ಒಂದೇ ಕೆಲಸ. ಅಡುಗೆಮನೆಯ ಕಿಟಕಿಯ ಆಚೆ, ಸೂರಿನ ಕೆಳಗೆ ಕೆಂಪು ಮುಚ್ಚಳದ ಒಂದು ಗಾಜಿನ ಫೀಡರ್ ತೂಗುಹಾಕಿದ್ದಳು. ಮೂರು ದಿನಕ್ಕೊಮ್ಮೆ ಅದಕ್ಕೆ ಸಕ್ಕರೆ ನೀರು ತುಂಬಬೇಕು. ಅಲ್ಲಿಗೆ ಒಂದು ಹಮ್ಮಿಂಗ್ ಬರ್ಡ್ ಬರುತ್ತಿತ್ತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಬೆನ್ನು ಹಸಿರು, ಹೊಟ್ಟೆ ಬೂದು. ಬಾಲದ ಒಂದು ಗರಿ ಎಡಕ್ಕೆ ವಾಲಿತ್ತು. ಹೆಣ್ಣು ಎಂದು ಮಗಳೇ ಗುರುತಿಸಿದ್ದಳು. ಈ ಜಾತಿಯ ಹಕ್ಕಿಗಳು ಚಳಿಗಾಲಕ್ಕೆಂದು ದಕ್ಷಿಣಕ್ಕೆ ಹಾರಿ ಹೋಗುವುದಿಲ್ಲ, ಮಳೆಯಲ್ಲೂ ಹಿಮದಲ್ಲೂ ಇಲ್ಲೇ ಇರುತ್ತವೆ. ಹೂವಿನ ಕಾಲ ಮುಗಿದ ಮೇಲೆ ಜನರು ಇಟ್ಟ ಸಿಹಿನೀರೇ ಅವುಗಳಿಗೆ ದೊಡ್ಡ ಆಧಾರ ಎಂದು ಅವಳು ಹೇಳಿದ್ದಳು.

ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಳು. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಬಣ್ಣ ಬೇಡ, ಜೇನು ಬೇಡ, ಬ್ರೌನ್ ಶುಗರ್ ಬೇಡ. ಫೀಡರನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಕೊನೆಗೆ "ಅಮ್ಮ, ಪ್ಲೀಸ್" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಆ ಎರಡು ಗೆರೆ ನೋಡಿ ನನಗೆ ಸಣ್ಣಗೆ ಸಿಟ್ಟು ಬಂದಿತ್ತು. ನಗರದ ನಡುವಿನ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿರುವವಳು ನಾನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಸೂಚನೆ ಓದದೆ ಕೆಲಸ ಮಾಡಿದವರನ್ನು ಮೀಟಿಂಗಿನಲ್ಲಿ ಎಲ್ಲರ ಎದುರು ನೀರಿಳಿಸುವವಳು. ಅಂಥವಳಿಗೆ ಎರಡು ಗೆರೆ ಎಳೆದು ಹೇಳಬೇಕೇ ಅನ್ನಿಸಿತ್ತು.

ಆ ಹಕ್ಕಿ ನಮ್ಮ ಮನೆಗೆ ಏನಾಗಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನ ಕೊನೆಯ ವರ್ಷ ಮಗಳು ಮಾತು ಬಿಟ್ಟಳು. ಜಗಳವಾಗಿರಲಿಲ್ಲ, ಪರೀಕ್ಷೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಸ್ಕೂಲಿನಿಂದ ಬಂದವಳು ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಂಡು ತಟ್ಟೆ ತೊಳೆದಿಟ್ಟು ಮತ್ತೆ ಒಳಗೆ ಹೋಗುತ್ತಿದ್ದಳು. ಡಾಕ್ಟರ ಹತ್ತಿರ ಹೋದೆವು, ಕೌನ್ಸೆಲರ್ ಹತ್ತಿರ ಹೋದೆವು, ಮಾತ್ರೆ ಶುರುವಾಯಿತು. ನಾನು ಗದುಗಿನವಳು, ದನಿ ದೊಡ್ಡದು. ನನ್ನ ಗಂಡ ಮೈಸೂರಿನವರು, ದನಿ ಇದೆಯೋ ಇಲ್ಲವೋ ಎಂಬಂತೆ ಮಾತಾಡುತ್ತಾರೆ. ನಾನು ಜೋರಾಗಿ ಕೇಳಿದರೂ ಅವರು ಮೆಲ್ಲಗೆ ಕೇಳಿದರೂ ಅವಳ ಉತ್ತರ ಒಂದೇ: "ಐ ಆಮ್ ಫೈನ್." ನಮ್ಮಿಬ್ಬರ ಕನ್ನಡವೂ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಚಿಕ್ಕಂದಿನಿಂದಲೂ ಇಂಗ್ಲಿಷಿನಲ್ಲಿ.

ಹಾಗಿರುವಾಗ ಒಂದು ಮಳೆಯ ಸಂಜೆ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದವಳು ಇದ್ದಕ್ಕಿದ್ದಂತೆ "ಅಮ್ಮಾ, ಲುಕ್" ಎಂದಳು. ಕಿಟಕಿಯ ಹೊರಗೆ, ಬಾಡುತ್ತಿದ್ದ ಫ್ಯೂಷಿಯಾ ಹೂವಿನ ಎದುರು ಈ ಹಕ್ಕಿ ಗಾಳಿಯಲ್ಲೇ ನಿಂತಿತ್ತು. ಎರಡು ತಿಂಗಳಲ್ಲಿ ಅವಳು ತಾನಾಗಿ ನನ್ನನ್ನು ಕರೆದದ್ದು ಅದೇ ಮೊದಲು. ಮರುದಿನ ಫೀಡರ್ ತಂದಳು. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಮಾತು ಎಂದರೆ ಆ ಹಕ್ಕಿಯ ಮಾತು. ಇವತ್ತು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಕೂತಿತ್ತು, ಬಾಲದ ಗರಿ ಹೇಗಿದೆ. ನಾನು ಹಕ್ಕಿಯ ವಿಷಯ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ಅವಳು ಎದ್ದು ಹೋಗುತ್ತಿದ್ದಳು. ಹೀಗಾಗಿ ಅವಳನ್ನು ಉತ್ತರಕ್ಕೆ ಒಂದೂವರೆ ತಾಸಿನ ದೂರದ ಕಾಲೇಜಿನಲ್ಲಿ ಬಿಟ್ಟು ಬಂದಾಗ ನನಗಿದ್ದ ಹೆದರಿಕೆ ಒಂದೇ. ಈ ಹಕ್ಕಿ ಇಲ್ಲವಾದರೆ ನನ್ನ ಮಗಳು ನನ್ನ ಜೊತೆ ಮಾತಾಡುವುದನ್ನೇ ಬಿಡುತ್ತಾಳೆ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಿದ್ದಳು. ಊಟ ಆಯಿತೇ, ಚಳಿ ಇದೆಯೇ ಎಂದು ನಾನು ಕೇಳುವ ಮೊದಲೇ "ಹೌ ಈಸ್ ಶೀ?" ಎಂಬ ಪ್ರಶ್ನೆ ಬರುತ್ತಿತ್ತು. ನಾನು ಹೇಳುತ್ತಿದ್ದೆ. ನಾಲ್ಕೈದು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಆ ನಾಲ್ಕೈದು ನಿಮಿಷಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಅಕ್ಟೋಬರ್ ಬಂದ ಮೇಲೆ ಮಳೆ ಹಿಡಿಯಿತು. ಇಲ್ಲಿಯ ಮಳೆ ನಮ್ಮ ಗದುಗಿನ ಮಳೆಯ ಹಾಗೆ ಗುಡುಗಿ, ಹೊಡೆದು, ಮಣ್ಣಿನ ವಾಸನೆ ಎಬ್ಬಿಸಿ ಹೋಗುವುದಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಜಿನುಗುತ್ತಲೇ ಇರುತ್ತದೆ. ಕೊಡೆ ಹಿಡಿದರೆ ಜನ ನಗುತ್ತಾರೆ, ಹಿಡಿಯದಿದ್ದರೆ ತಲೆ ನೆನೆಯುತ್ತದೆ. ಅಂಥ ಒಂದು ಶನಿವಾರ ಫೀಡರಿಗೆ ನೀರು ಕಲಸಲು ಹೋದರೆ ಮಗಳು ತಂದಿಟ್ಟಿದ್ದ ಸಕ್ಕರೆಯ ಪೊಟ್ಟಣ ಖಾಲಿಯಾಗಿತ್ತು. ನಮ್ಮ ಮನೆಯಲ್ಲಿ ಬೇರೆ ಬಿಳಿ ಸಕ್ಕರೆ ಇರುವುದಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ ಎಂದು ಡಾಕ್ಟರು ಹೇಳಿದ ದಿನವೇ ಡಬ್ಬಿ ಸಮೇತ ಹೊರಗೆ ಹಾಕಿದವಳು ನಾನು. ಚಹಾಕ್ಕೆ ಬೆಲ್ಲ, ಪಾಯಸಕ್ಕೆ ಬೆಲ್ಲ, ಕಾಫಿಗೂ ಬೆಲ್ಲವೇ ಎಂದು ಅವರು ಗೊಣಗಿದರೂ ಬೆಲ್ಲ. ಇದರಿಂದ ಅವರ ರಕ್ತ ಪರೀಕ್ಷೆಯಲ್ಲಿ ಏನೂ ಇಳಿಯಲಿಲ್ಲ ಎಂಬುದು ಬೇರೆ ಮಾತು. ಬಿಳಿ ಸಕ್ಕರೆ ವಿಷ ಎಂದು ನೆಂಟರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಬರುತ್ತದೆ, ವಾರಕ್ಕೊಮ್ಮೆ ನಾನು ಅದಕ್ಕೆ ಹೆಬ್ಬೆರಳು ಎತ್ತುತ್ತೇನೆ.

ಅಂಗಡಿ ಕಾರಿನಲ್ಲಿ ಐದು ನಿಮಿಷದ ದಾರಿ. ಹೋಗಬಹುದಿತ್ತು. ಆದರೆ ಹಕ್ಕಿ ಆಗಲೇ ಬಂದು ಖಾಲಿ ಫೀಡರಿನ ಅಂಚಿನಲ್ಲಿ ಮೈಯುಬ್ಬಿಸಿ ಕೂತಿತ್ತು. ಮಳೆಹನಿ ಅದರ ಬೆನ್ನ ಮೇಲೆ ಬಿದ್ದು ಹಾಗೇ ನಿಲ್ಲುತ್ತಿತ್ತು. ನಮ್ಮ ಕಡೆ ದಾರಿ ನಡೆದು ದಣಿದು ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಯಾರು, ಯಾಕೆ ಬಂದಿರಿ ಎಂದು ಕೇಳುವುದು ಆಮೇಲೆ. ನಾನು ಚಿಕ್ಕವಳಿದ್ದಾಗ ಪೋಸ್ಟಿನವನಿಗೂ ಬಳೆಗಾರ್ತಿಗೂ ಪಡಸಾಲೆಗೆ ಬೆಲ್ಲದ ತಟ್ಟೆ ಒಯ್ದು ಕೊಡುವುದು ನನ್ನ ಕೆಲಸವಾಗಿತ್ತು. ಇಷ್ಟು ಸಣ್ಣ ಜೀವಕ್ಕೆ ಆ ವಿಷ ಯಾಕೆ ಕೊಡಬೇಕು ಎಂದು ಅಲ್ಲಿಯವರೆಗೂ ಒಳಗೊಳಗೇ ಅನ್ನಿಸುತ್ತಲೂ ಇತ್ತು. ಚೀಟಿಯನ್ನು ಇನ್ನೊಮ್ಮೆ ಓದಿದೆ. ಬ್ರೌನ್ ಶುಗರ್ ಬೇಡ ಎಂದಿತ್ತು. ಬೆಲ್ಲ ಬೇಡ ಎಂದು ಎಲ್ಲಿಯೂ ಇರಲಿಲ್ಲ.

ಒಳ್ಳೆಯ ಬೆಲ್ಲ, ಇಂಡಿಯನ್ ಅಂಗಡಿಯಿಂದ ತಂದದ್ದು. ಕುಟ್ಟಿ, ಕರಗಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಆರಿಸಿ ತುಂಬಿದೆ. ಅಭ್ಯಾಸಬಲದಿಂದ ಏಲಕ್ಕಿ ಡಬ್ಬಿಗೂ ಕೈ ಹೋಗಿತ್ತು, ಅದೊಂದನ್ನು ತಡೆದುಕೊಂಡೆ. ಹಕ್ಕಿ ಬಂದು ಕೊಕ್ಕು ಇಳಿಸಿತು, ಹಿಂದೆ ಸರಿಯಿತು, ಮತ್ತೆ ಇಳಿಸಿ ಕುಡಿಯಿತು. ನನಗೆ ಹೆಮ್ಮೆಯಾಯಿತು. ಮತ್ತೆರಡು ವಾರ ಬೆಲ್ಲದ ನೀರನ್ನೇ ಇಟ್ಟೆ. ಭಾನುವಾರ ಮಗಳು ಕೇಳಿದಾಗ ಹಕ್ಕಿ ಬರುತ್ತದೆ, ಕುಡಿಯುತ್ತದೆ ಎಂದೆ, ಬೆಲ್ಲದ ಮಾತು ಎತ್ತಲಿಲ್ಲ. ಎತ್ತಬೇಕೆನ್ನಿಸಲಿಲ್ಲ ಎಂಬುದರಿಂದಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಒಂಟಿಯಾಗಿದ್ದಾರೆ, ರಿಟೈರ್ ಆದ ಟೀಚರ್, ಇಲ್ಲಿಯವರೇ. ಅವರ ತೋಟಕ್ಕೆ ಹೋಲಿಸಿದರೆ ನಮ್ಮದು ಬರೀ ಕಳೆ. ಒಂದು ದಿನ ಉದುರಿದ ಎಲೆ ಬೇಕೆಂದು ಚೀಲ ಹಿಡಿದು ಬಂದರು, ಗಿಡಗಳ ಬುಡಕ್ಕೆ ಹಾಕಲು. ಎಲೆ ತುಂಬಿಕೊಳ್ಳುತ್ತಿದ್ದವರು ಫೀಡರ್ ನೋಡಿ, ಅದರಲ್ಲಿ ಚಹಾ ಇಟ್ಟಿದ್ದೀಯಾ ಎಂದು ತಮಾಷೆಯಾಗಿ ಕೇಳಿದರು. ನಾನು ಉತ್ಸಾಹದಿಂದ ಬೆಲ್ಲದ ಗುಣಗಾನ ಶುರುಮಾಡಿದೆ. ಕಬ್ಬಿಣದ ಅಂಶ ಎಷ್ಟಿದೆ ಗೊತ್ತೇ ಎಂದೆ. ಅವರ ಮುಖ ಸಣ್ಣಗಾಯಿತು. ಆ ಕಬ್ಬಿಣವೇ ಈ ಹಕ್ಕಿಗಳಿಗೆ ಆಗದು ಎಂದರು. ಮೈಯಲ್ಲಿ ಸೇರುತ್ತ ಹೋಗುತ್ತದಂತೆ, ಹೊರಗೆ ಹಾಕಲು ಅವಕ್ಕೆ ಬರುವುದಿಲ್ಲವಂತೆ. ಅಂಥ ನೀರು ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಅದೂ ಅಪಾಯ. ಇಷ್ಟು ಹೇಳಿ, ನಿನಗೆ ಗೊತ್ತಿರಲಿಲ್ಲವಲ್ಲ ಎಂದು ನನ್ನ ತೋಳು ಮುಟ್ಟಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗಲೇ ಓಡಿಹೋಗಿ ಬಿಳಿ ಸಕ್ಕರೆ ತಂದೆ. ಫೀಡರನ್ನು ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದೆ. ಆ ದಿನ ಹಕ್ಕಿ ಬರಲಿಲ್ಲ, ಮರುದಿನವೂ ಬರಲಿಲ್ಲ.

ಮೂರನೆಯ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಎರಡು ಮೀಟಿಂಗಿನ ನಡುವೆ ಹೊರಗೆ ಹೋದರೆ, ಗೋಡೆಯ ಪಕ್ಕ ಜರೀಗಿಡದ ಕೆಳಗೆ ಏನೋ ಬಿದ್ದಿತ್ತು. ಒದ್ದೆ ಎಲೆ ಎಂದುಕೊಂಡು ದಾಟಿ ಹೋದವಳು ವಾಲಿದ ಗರಿ ಕಂಡು ಹಿಂದೆ ಬಂದೆ. ಅಂಗೈಯಲ್ಲಿ ಎತ್ತಿಕೊಂಡರೆ ತೂಕವೇ ಇರಲಿಲ್ಲ. ಬೆನ್ನಿನ ಹಸಿರು ಮಾತ್ರ ಆ ಮಬ್ಬಿನಲ್ಲೂ ಹೊಳೆಯುತ್ತಿತ್ತು. ಬೆಲ್ಲದಿಂದ ಸತ್ತಿತೋ, ಬೆಕ್ಕು ಹೊಡೆಯಿತೋ, ಚಳಿಯೋ, ಅದರ ಆಯುಸ್ಸೇ ಅಷ್ಟೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪಕ್ಕದ ಮನೆಯವರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಆಫೀಸಿನಲ್ಲಿ ಕಾರಣ ಸಿಗದೆ ನಾನು ಯಾವ ತಪ್ಪನ್ನೂ ಮುಗಿಯಿತು ಎಂದು ಮುಚ್ಚುವವಳಲ್ಲ. ಇದನ್ನು ಹಿತ್ತಿಲಿನ ಮೇಪಲ್ ಮರದ ಬುಡದಲ್ಲಿ ಮಣ್ಣು ತೋಡಿ ಮುಚ್ಚಿದೆ.

ನಮ್ಮಲ್ಲಿ ಹೆಣ ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳದೆ ಒಲೆಯ ಹತ್ತಿರ ಹೋಗುವುದಿಲ್ಲ. ಹಕ್ಕಿಗೆ ಅದೆಲ್ಲ ಇಲ್ಲ ಎಂದು ಗೊತ್ತಿತ್ತು, ಆದರೂ ಕಾಲು ಅಡುಗೆಮನೆಯ ಕಡೆ ಏಳಲಿಲ್ಲ. ಹಿಂಬಾಗಿಲಿನಿಂದ ಸೀದಾ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿದೆ. ಮಧ್ಯಾಹ್ನದ ಮೀಟಿಂಗಿನಲ್ಲಿ ಒದ್ದೆ ತಲೆಯಲ್ಲೇ ಕೂತೆ. ಮಳೆಯಲ್ಲಿ ವಾಕಿಂಗ್ ಹೋಗಿದ್ದೆಯಾ ಎಂದು ಯಾರೋ ಕೇಳಿದರು, ಹೌದು ಎಂದೆ.

ಗಂಡ ಸಂಜೆ ಬಂದಾಗ ಹೇಳಿದೆ. ಅವರು ಮೇಪಲ್ ಬುಡಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

"ಅವಳಿಗೆ ಹೇಳ್ಬಿಡು," ಎಂದರು. "ನೀನೇನು ಬೇಕಂತ ಮಾಡಿದ್ದಲ್ವಲ್ಲ."

"ಹೆಂಗ ಹೇಳ್ಲಿ? ಅಕಿ ಫೋನ್ ಮಾಡೋದ ಅದ್ರ ಸಲುವಾಗಿ. ನನ್ನ ಸಲುವಾಗಿ ಅಲ್ಲ."

"ಹಾಗಲ್ಲ ಕಣೆ."

"ಹಂಗ ಐತಿ. ನೀವ್ ಸುಮ್ನಿರ್ರಿ."

ಭಾನುವಾರ ಹತ್ತಕ್ಕೆ ಫೋನ್ ಬಂತು. "ಹೌ ಈಸ್ ಶೀ?"

"ಆರಾಮ ಅದಾಳ," ಎಂದೆ. "ಮುಂಜಾನೆನೂ ಬಂದಿದ್ಲು."

ಬಾಯಿಂದ ಅಷ್ಟು ಸಲೀಸಾಗಿ ಬಂತು. ಮೊದಲೇ ಯೋಚಿಸಿಟ್ಟಿರಲೂ ಇಲ್ಲ. ಇಷ್ಟು ಮಳೆಯಲ್ಲಿ ಎಲ್ಲಿ ಕೂತಿದ್ದಳು ಎಂದು ಮಗಳು ಕೇಳಿದಳು. ಮೇಪಲ್ ಟೊಂಗೆಯ ಮೇಲೆ ಎಂದೆ. ಯಾವ ಟೊಂಗೆ, ಎಲೆ ಎಲ್ಲ ಉದುರಿತೇ, ಮಳೆ ತಾಗುವುದಿಲ್ಲವೇ ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಅದೇ ಮನೆಯಲ್ಲಿದ್ದರೂ ನಾನು ಆ ಮರವನ್ನು ಎಲೆ ಗುಡಿಸುವಾಗಷ್ಟೇ ನೋಡಿದ್ದು. ಏನೋ ಹೇಳಿ ಫೋನ್ ಇಟ್ಟೆ. ಮುಂದಿನ ಭಾನುವಾರಕ್ಕೆ ಸುಳ್ಳು ಹೇಳಬೇಕೆಂದರೆ ನಾನು ಹಿತ್ತಿಲನ್ನು ನೋಡಲೇಬೇಕು ಎಂದು ಆಗ ತಿಳಿಯಿತು.

ಹೀಗೆ ನಾನು ಕಿಟಕಿಗೆ ಕುರ್ಚಿ ಹಾಕಿಕೊಂಡು ಕೂತೆ. ಮನೆಯಿಂದ ಕೆಲಸ ಮಾಡುವ ದಿನ ಲ್ಯಾಪ್‌ಟಾಪ್ ಅಡುಗೆಮನೆಗೇ ಬಂತು. ಮೊದಲ ಎರಡು ದಿನ ಬೇಸರವಾಯಿತು, ಮಳೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಒಂದೊಂದಾಗಿ ಕಂಡವು. ಕಂದು ಪಕ್ಕೆ, ಕರಿ ತಲೆ, ಕೆಂಪು ಕಣ್ಣಿನ ಒಂದು ಹಕ್ಕಿ ಕೊಳೆತ ಎಲೆಗಳ ರಾಶಿಯ ಮೇಲೆ ನಿಂತು ಎರಡೂ ಕಾಲಿನಿಂದ ಒಟ್ಟಿಗೆ ಹಿಂದಕ್ಕೆ ಜಿಗಿಯುತ್ತಿತ್ತು. ಹಾಗೆ ಜಿಗಿದಾಗ ಎಲೆ ಸರಿದು ಕೆಳಗಿನ ಹುಳು ಬಯಲಾಗುತ್ತಿತ್ತು. ಅದು ಅರ್ಧ ತಾಸು ಆ ಕೆಲಸ ಬಿಟ್ಟು ಬೇರೆ ಕಡೆ ಕಣ್ಣೆತ್ತಲಿಲ್ಲ. ಕಸದ ಡಬ್ಬಿಗೂ ರೋಸ್‌ಮೇರಿ ಪೊದೆಗೂ ನಡುವೆ ಒಂದು ಜೇಡ ಬಲೆ ಕಟ್ಟಿತ್ತು, ಹನಿ ಕೂತು ಬಲೆ ಜೋತುಬಿದ್ದಿತ್ತು. ಗಂಡ ಕಸ ಹಾಕಲು ಹೋಗಿ ಅದನ್ನು ಹರಿದರೆ ಮರುದಿನ ಬೆಳಿಗ್ಗೆ ಹೊಸದು ಇರುತ್ತಿತ್ತು. ಅವರಿಗೆ ಸುತ್ತುಬಳಸಿ ಹೋಗಲು ಹೇಳಿದೆ.

ಮೆಂತ್ಯ ಬೆಳೆಯುವ ಕುಂಡದಲ್ಲಿ ಅಳಿಲು ಬೀಜ ಹೂಳುತ್ತಿತ್ತು. ಹೂತು, ಮುಂಗಾಲಿನಿಂದ ತಟ್ಟಿ, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿ, ಅನುಮಾನ ಬಂದು ಮತ್ತೆ ತೋಡಿ ಪಕ್ಕದ ಕುಂಡದಲ್ಲಿ ಹೂಳುತ್ತಿತ್ತು. ಬೇಲಿಯ ಬುಡದಲ್ಲಿ ನನ್ನ ಅಂಗೈಯಷ್ಟು ಉದ್ದದ, ಹಳದಿ ಮೈಮೇಲೆ ಕರಿ ಚುಕ್ಕೆಯ ಬಸವನಹುಳು ಇತ್ತು, ಚಿಪ್ಪಿಲ್ಲದ್ದು. ಮೊದಲಾದರೆ ಥೂ ಎಂದು ಕಡ್ಡಿಯಿಂದ ಆಚೆ ಎಸೆಯುತ್ತಿದ್ದೆ. ಈಗ ಅದು ಒಂದು ಅಣಬೆಯನ್ನು ಅಂಚಿನಿಂದ ತಿಂದು ಮುಗಿಸುವುದನ್ನು ಕೊಡೆ ಹಿಡಿದು ನಿಂತು ನೋಡಿದೆ. ಪಕ್ಕದ ರಸ್ತೆಯ ದೊಡ್ಡ ಮೇಪಲ್ಲಿನ ಎಲೆಗಳು ಗಾಳಿಗೆ ನಮ್ಮ ಹಿತ್ತಿಲಿಗೆ ಬಂದು ಬೀಳುತ್ತಿದ್ದವು, ಒಂದೊಂದೂ ಊಟ ಬಡಿಸಬಹುದಾದಷ್ಟು ಅಗಲ. ಸಂಜೆ ನಾಲ್ಕಾದರೆ ಕಾಗೆಗಳು ಮಳೆಯಲ್ಲೇ ಸಾಲು ಹಿಡಿದು ಈಶಾನ್ಯಕ್ಕೆ ಹೋಗುತ್ತಿದ್ದವು. ಎಣಿಸಲು ಹೋಗಿ ಒಂದು ದಿನ ಮ್ಯಾನೇಜರ್ ಕೇಳಿದ ಪ್ರಶ್ನೆಯೇ ನನಗೆ ಕೇಳಿಸಲಿಲ್ಲ.

ಇದನ್ನೆಲ್ಲ ಭಾನುವಾರ ಮಗಳಿಗೆ ಹೇಳುತ್ತಿದ್ದೆ. ನಡುವೆ ಎಲ್ಲೋ ಆ ಸತ್ತ ಹಕ್ಕಿಯನ್ನೂ ಕೂರಿಸುತ್ತಿದ್ದೆ. ಅಳಿಲು ಬೀಜ ಹೂಳುವಾಗ ಅವಳು ತಂತಿಯ ಮೇಲಿದ್ದಳು, ಜೇಡನ ಬಲೆಯಿಂದ ಸಣ್ಣ ಹುಳು ಕದ್ದಳು. ನಾಲ್ಕು ನಿಮಿಷದ ಮಾತು ಹತ್ತಾಯಿತು, ಇಪ್ಪತ್ತಾಯಿತು. ಅಳಿಲಿನ ಕಥೆಗೆ ಮಗಳು ನಕ್ಕಳು. ಅವಳ ನಗು ಕೇಳಿ ಒಂದು ವರ್ಷದ ಮೇಲಾಗಿತ್ತು. ನನಗೆ ಸಂತೋಷವಾಗುತ್ತಿತ್ತು, ಕಿಟಕಿಯ ಹತ್ತಿರ ಕೂತರೂ ಸಂತೋಷ, ಫೋನ್ ಇಟ್ಟ ಮೇಲೂ ಸಂತೋಷ. ಮೇಪಲ್ ಬುಡ ಕಣ್ಣಿಗೆ ಬಿದ್ದಾಗ ಮಾತ್ರ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಅವಳು ವಿಡಿಯೋ ಹಾಕುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ನೆಟ್ ಸರಿಯಿಲ್ಲ ಎನ್ನುತ್ತಿದ್ದಳು. ವಿಡಿಯೋ ಹಾಕಿದರೆ ಫೀಡರ್ ತೋರಿಸು ಎಂದು ಕೇಳುತ್ತಿದ್ದಳು, ಹಾಗಾಗಿ ನೆಟ್ ಸರಿಯಿಲ್ಲದ್ದು ನನಗೆ ಒಳ್ಳೆಯದೇ ಆಗಿತ್ತು. ನಾನು ಹೆಚ್ಚು ಕೇಳಲಿಲ್ಲ.

ನವೆಂಬರಿನಲ್ಲಿ ಫೀಡರಿಗೆ ಬೇರೆ ಹಕ್ಕಿ ಬಂತು. ಗಂಡು, ಕತ್ತು ತಿರುಗಿಸಿದಾಗ ಗಂಟಲು ದಾಳಿಂಬೆ ಬಣ್ಣಕ್ಕೆ ಹೊಳೆಯುತ್ತಿತ್ತು. ನನಗೆ ಉಸಿರು ಬಂದ ಹಾಗಾಯಿತು. ಇನ್ನು ಮೇಲೆ ಹಕ್ಕಿ ಬಂತು ಎಂದರೆ ಆ ಮಾತಾದರೂ ನಿಜ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಂಡನಿಗೂ ಹಾಗೆಯೇ ಹೇಳಿದೆ. ಅವರು ಕಾಫಿ ಲೋಟ ಹಿಡಿದು ಮೇಲೆ ಹೋದರು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಇನ್ನು ಹತ್ತು ದಿನ ಇದ್ದಾಗಿನ ಭಾನುವಾರ ಅದು. ಗಂಡ ಮರ್ಸರ್ ಐಲ್ಯಾಂಡಿನ ಗೆಳೆಯರ ಮನೆಗೆ ಹೋಗಿದ್ದರು. ಹೊರಗೆ ದಟ್ಟ ಮಳೆ. ನಾನು ಎಂದಿನಂತೆ ಮಗಳಿಗೆ ಹೇಳುತ್ತಿದ್ದೆ: ಇಷ್ಟು ಮಳೆಯಲ್ಲೂ ಅವಳು ಬೆಳಿಗ್ಗೆ ಏಳಕ್ಕೇ ಬಂದಳು, ಮೈ ಕೊಡವಿ ಕುಡಿದಳು. ಮಗಳು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: ಕೆಲವು ದಿನ ನನಗೆ ಹಾಸಿಗೆಯಿಂದ ಏಳಲು ಆಗುವುದಿಲ್ಲ, ಆಗ ಅವಳು ಎದ್ದಿದ್ದಾಳೆ ಅಂತ ನೆನೆಸಿಕೊಳ್ಳುತ್ತೇನೆ.

"ಯಾಕವಾ, ಯಾಕ ಏಳಾಕ ಆಗೂದಿಲ್ಲ?" ಎಂದೆ.

ಅವಳು ತಕ್ಷಣ ಮಾತು ತಿರುಗಿಸಿದಳು. ಹಾಗೇನಿಲ್ಲ, ಪರೀಕ್ಷೆ ಇದ್ದವು, ಅಷ್ಟೇ. ನಿನ್ನೆ ಲೈಬ್ರರಿಗೆ ಹೋಗಿದ್ದೆ, ರೂಮ್‌ಮೇಟ್ ಜೊತೆ ಪಾಸ್ತಾ ತಿಂದೆ, ಬರುವಾಗ ದಾರಿಯಲ್ಲಿ ಹಳದಿ ರೇನ್‌ಕೋಟ್ ಹಾಕಿದ ಒಂದು ನಾಯಿ ಕಂಡಿತು, ಅದರ ಒಂದು ಕಿವಿ ಟೋಪಿಯ ಹೊರಗೆ ಬಂದಿತ್ತು, ನಾನು ಸರಿಮಾಡಿದೆ. ಒಂದೇ ಉಸಿರಿಗೆ ಹೇಳಿದಳು.

ಆ ನಾಯಿಯ ಕಿವಿಯ ಮಾತು ನನ್ನನ್ನು ತಡೆದು ನಿಲ್ಲಿಸಿತು. ಹೀಗೆ ಹೇಳುವುದು ನನಗೆ ಗೊತ್ತಿತ್ತು. ನಾಲ್ಕು ವಾರದಿಂದ ನಾನು ಅದನ್ನೇ ಮಾಡುತ್ತಿದ್ದೆ. ನಿಜ ಇಲ್ಲದ ಕಡೆ ಒಂದು ಗರಿ, ಒಂದು ಹನಿ ಸೇರಿಸಿ ಹೇಳಿದರೆ ಕೇಳುವವರು ಮುಂದೆ ಪ್ರಶ್ನೆ ಕೇಳುವುದಿಲ್ಲ. ಅವಳ ಹಿಂದಿನ ಭಾನುವಾರಗಳನ್ನೆಲ್ಲ ನೆನೆಸಿಕೊಂಡೆ. ಎಲ್ಲದರಲ್ಲೂ ಪಾಸ್ತಾ ಇತ್ತು, ಲೈಬ್ರರಿ ಇತ್ತು, ಎಲ್ಲವೂ ಸರಿಯಿತ್ತು. ಎಲ್ಲವೂ ಸರಿಯಿದೆ ಎಂಬ ರಿಪೋರ್ಟ್ ಬಂದರೆ ಆಫೀಸಿನಲ್ಲಿ ನಾನು ಅಲ್ಲಿಂದಲೇ ಹುಡುಕಲು ಶುರುಮಾಡುತ್ತೇನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮಾತನ್ನು ಮಾತ್ರ ಪರೀಕ್ಷಿಸದೆ ನಂಬಿದ್ದೆ, ನಂಬಿದರೆ ನನ್ನ ಸುಳ್ಳಿಗೂ ಅನುಕೂಲ ಎಂದು.

ಗದರಿಸಿ ಕೇಳಬಹುದಿತ್ತು. ಹಿಂದೆಲ್ಲ ಹಾಗೆ ಕೇಳಿ ಏನಾಗಿತ್ತೆಂದು ಗೊತ್ತಿತ್ತು. ಅವಳು ಆ ಹಕ್ಕಿಯನ್ನು ಹಿಡಿದುಕೊಂಡು ಬೆಳಿಗ್ಗೆ ಏಳುತ್ತಿದ್ದರೆ, ಅದು ಇಲ್ಲ ಎಂದು ಹೇಳಿದ ಮೇಲೆ ಏನಾಗುತ್ತದೋ ಎಂದು ಹೆದರಿದೆ. ಆದರೂ ಹೇಳಿದೆ. ಬೇರೆ ದಾರಿ ನನಗೆ ಕಾಣಲಿಲ್ಲ.

"ನಾ ಒಂದ್ ಮಾತ್ ಹೇಳ್ತೀನಿ, ಫೋನ್ ಇಡಬ್ಯಾಡ. ಅಕಿ ಇಲ್ಲ. ಸತ್ತು ತಿಂಗಳಾತು. ನಾ ಬೆಲ್ಲದ ನೀರ್ ಇಟ್ಟಿದ್ನಿ. ಅದರಿಂದನೋ ಏನೋ ಗೊತ್ತಿಲ್ಲ. ನಾನ ಕೈಯಾರೆ ಮಣ್ಣ ಮಾಡೀನಿ. ಅಲ್ಲಿಂದ ಹೇಳಿದ್ದೆಲ್ಲಾ ಸುಳ್ಳು."

ಫೋನ್ ಕಟ್ ಆಯಿತೇ ಎಂದು ನೋಡಿದೆ, ನಿಮಿಷಗಳು ಓಡುತ್ತಲೇ ಇದ್ದವು. ಅವಳ ಕಿಟಕಿಗೆ ಬಡಿಯುವ ಮಳೆಯ ಸದ್ದು ಬರುತ್ತಿತ್ತು. ಅಳಿಲು? ಎಂದು ಕೇಳಿದಳು. ಅಳಿಲು ನಿಜ ಎಂದೆ. ಜೇಡ ಎಂದಳು. ಅದೂ ನಿಜ, ಅಕಿ ಒಬ್ಬಳನ್ನು ಬಿಟ್ಟು ಮಿಕ್ಕಿದ್ದೆಲ್ಲ ನಿಜ ಎಂದೆ. ಬೈಯುತ್ತಾಳೆ ಎಂದು ಕಾದೆ, ಬೈದರೆ ಸಾಕು ಎಂದು ಬೇಡಿಕೊಂಡೆ.

"ದೇರ್ ವಾಸ್ ನೋ ಡಾಗ್," ಎಂದಳು ಮಗಳು.

ನಾಯಿ ಇರಲಿಲ್ಲ. ಪಾಸ್ತಾ ಇರಲಿಲ್ಲ, ಲೈಬ್ರರಿ ಇರಲಿಲ್ಲ. ಮೂರು ವಾರದಿಂದ ಅವಳು ಕ್ಲಾಸಿಗೆ ಹೋಗಿರಲಿಲ್ಲ. ಮಾತ್ರೆ ಅದಕ್ಕೂ ಮೊದಲೇ ನಿಲ್ಲಿಸಿದ್ದಳು. ರೂಮ್‌ಮೇಟ್ ಬೇರೆ ಕೋಣೆಗೆ ಹೋಗಿ ಎಷ್ಟೋ ದಿನವಾಗಿತ್ತು. ಇದನ್ನೆಲ್ಲ ಅವಳು ಅಳದೆ, ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಜೀವನದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಕೊನೆಗೆ "ನಾ ಬರ್ತೀನಿ," ಎಂದಷ್ಟೇ ಹೇಳಿದೆ. ಬೇಡ ಎನ್ನಲಿಲ್ಲ. ನಾನು ಬರುವವರೆಗೆ ಫೋನ್ ಇಡಬೇಡ ಎಂದೆ, ಸರಿ ಎಂದಳು.

ಕಾರಿನ ಸ್ಪೀಕರಿನಲ್ಲಿ ಅವಳನ್ನು ಇಟ್ಟುಕೊಂಡೇ ಹೊರಟೆ. ಗಂಡನಿಗೆ ಒಂದು ಸಾಲು ಮೆಸೇಜ್ ಹಾಕಿದ್ದೆ, ಅವರಿಗಾಗಿ ಕಾಯಲಿಲ್ಲ. ಹೆದ್ದಾರಿಯಲ್ಲಿ ಮುಂದಿನ ಲಾರಿ ಎಬ್ಬಿಸಿದ ನೀರಿನಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಮಗಳು ಎಲ್ಲಿದ್ದೀಯ ಎಂದು ಆಗಾಗ ಕೇಳುತ್ತಿದ್ದಳು. ಅರ್ಧ ದಾರಿಯ ಬಯಲಿನಲ್ಲಿ ಕೊಯ್ಲು ಮುಗಿದ ಹೊಲಗಳು ನೀರು ತುಂಬಿ ನಿಂತಿದ್ದವು, ಅವುಗಳ ಮೇಲೆ ಸಾವಿರಾರು ಬಿಳಿ ಬಾತುಗಳು ಇಳಿದಿದ್ದವು. ಏನು ಕಾಣಿಸುತ್ತಿದೆ ಎಂದು ಕೇಳಿದಳು. ಬಾತುಗಳು ಎಂದೆ, ಬಣ್ಣ ಸೇರಿಸಲಿಲ್ಲ.

ಹಾಸ್ಟೆಲಿನ ಬಾಗಿಲಿಗೆ ಅವಳು ಚಪ್ಪಲಿಯಲ್ಲೇ ಇಳಿದು ಬಂದಳು. ತೆಳ್ಳಗಾಗಿದ್ದಳು. ಕೂದಲಿಗೆ ಎಷ್ಟೋ ದಿನದಿಂದ ಬಾಚಣಿಗೆ ತಾಗಿರಲಿಲ್ಲ, ಹಿಂದುಗಡೆ ಮುದ್ದೆಗಟ್ಟಿ ಗಂಟಾಗಿತ್ತು. ವಿಡಿಯೋ ಯಾಕೆ ಹಾಕುತ್ತಿರಲಿಲ್ಲ ಎಂದು ಕೇಳುವ ಅಗತ್ಯ ಉಳಿಯಲಿಲ್ಲ. ನಾನು ಏನನ್ನೂ ತಂದಿರಲಿಲ್ಲ. ಚಪಾತಿ ಇಲ್ಲ, ಚಟ್ನಿಪುಡಿ ಇಲ್ಲ. ಮಗಳನ್ನು ನೋಡಲು ಬರಿಗೈಯಲ್ಲಿ ಬಂದಿದ್ದೆ. ಅವಳಿಗೆ ಕೋಣೆಗೆ ಮರಳುವ ಮನಸ್ಸಿರಲಿಲ್ಲ, ಹಾಗಾಗಿ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ನಾಳೆ ಡಾಕ್ಟರಿಗೆ ಫೋನ್ ಮಾಡೋಣ ಎಂದೆ, ತಲೆಯಾಡಿಸಿದಳು. ಆಮೇಲೆ ಕೇಳದೆಯೇ ನನ್ನ ಕಡೆ ಬೆನ್ನು ಮಾಡಿ ಕೂತಳು. ಆರೇಳು ವರ್ಷದವಳಿದ್ದಾಗ ಜಡೆ ಹಾಕಿಸಿಕೊಳ್ಳಲು ಹಾಗೆ ಕೂರುತ್ತಿದ್ದಳು.

ಬ್ಯಾಗಿನಲ್ಲಿ ಒಂದು ಸಣ್ಣ ಬಾಚಣಿಗೆ ಸಿಕ್ಕಿತು. ತುದಿಯಿಂದ ಶುರುಮಾಡಿ ಒಂದೊಂದೇ ಎಳೆ ಬಿಡಿಸುತ್ತ ಮೇಲೆ ಬಂದೆ. ಗಾಜಿನ ತುಂಬ ಮಳೆ ಇಳಿಯುತ್ತಿತ್ತು, ಹೊರಗಿನ ಏನೂ ಕಾಣುತ್ತಿರಲಿಲ್ಲ. ಕತ್ತಿನ ಹತ್ತಿರದ ಗಂಟು ಗಟ್ಟಿಯಾಗಿತ್ತು.

"ನೋವಾದ್ರ ಹೇಳವಾ," ಎಂದೆ.

ನಾನು ಇನ್ನೊಂದು ಎಳೆ ಬಿಡಿಸಿದೆ.

"ಇಟ್ ಹರ್ಟ್ಸ್, ಅಮ್ಮ," ಎಂದಳು. ಆಗ ಅವಳ ಬೆನ್ನು ಅಲುಗತೊಡಗಿತು.

ನಾನು ಬಾಚಣಿಗೆ ಪಕ್ಕಕ್ಕಿಟ್ಟು ಬೆರಳಿನಿಂದಲೇ ಬಿಡಿಸತೊಡಗಿದೆ.